ಹಡಗಿನ ಉಪಗ್ರಹ ಸಂಪರ್ಕವೂ ದಡದ ಗ್ರಾಹಕ ನಿಲಯಗಳೂ: ಒಂದು ಚಾರಿತ್ರಿಕ ವಿವೇಚನೆ

ಕಡಲಿನಲ್ಲಿ ಸಂಚರಿಸುವ ಹಡಗಿನ ನಿಸ್ತಂತು ಸಂದೇಶವು ನೆಲದ ಮೇಲಿನ ಗ್ರಾಹಕ ಯಂತ್ರಗಳಿಗೆ ಅಡಚಣೆಯನ್ನುಂಟುಮಾಡಿದರೆ, ಅದನ್ನು ನಿವಾರಿಸುವ ಹೊಣೆ ಯಾರದು? ಈ ಪ್ರಶ್ನೆ ಉಪಗ್ರಹಯುಗದಲ್ಲಿ ಹುಟ್ಟಿದುದೆಂದು ಭಾವಿಸುವುದುಂಟು. ಆದರೆ ಇದರ ಮೂಲವು ನಿಸ್ತಂತು ವಿದ್ಯೆಯ ಬಾಲ್ಯದಲ್ಲಿಯೇ ಇದೆಯೆಂಬುದನ್ನು ನಾವು ಇಲ್ಲಿ ತೋರಿಸಲೆಳಸುತ್ತೇವೆ.

ಆದಿಯಲ್ಲಿ ಹಡಗುಗಳು ಬಳಸುತ್ತಿದ್ದುದು ಕಿಡಿ ಪ್ರೇಷಕಗಳನ್ನು. ಇವುಗಳ ತರಂಗಗಳು ಒಂದೇ ಆವರ್ತಾಂಕಕ್ಕೆ ಕಟ್ಟುಬೀಳದೆ ಅಕ್ಕಪಕ್ಕಕ್ಕೂ ಹರಡಿಕೊಳ್ಳುತ್ತಿದ್ದುವು. ಆದಕಾರಣ ದಡವನ್ನು ಸಮೀಪಿಸಿದ ಒಂದು ಹಡಗು, ದೂರದಿಂದ ಬರುವ ಕ್ಷೀಣ ಸಂದೇಶಗಳನ್ನು ಮುಳುಗಿಸಿಬಿಡಬಹುದಾಗಿತ್ತು. ಅಮೆರಿಕ ಸಂಯುಕ್ತ ಸಂಸ್ಥಾನದ 1912ರ ರೇಡಿಯೋ ಕಾನೂನು ಇದಕ್ಕೊಂದು ಮೇರೆಯನ್ನು ಹಾಕಿತು. ನೌಕಾಪಡೆಯ ಅಥವಾ ಸೇನೆಯ ನಿಲಯದಿಂದ 15 ನಾಟಿಕಲ್ ಮೈಲಿಗಳೊಳಗೆ ಹಡಗಿನ ಟ್ರಾನ್ಸ್‌ಫಾರ್ಮರಿಗೆ ಊಡುವ ಶಕ್ತಿಯು 1 ಕಿಲೋವಾಟನ್ನೂ, 5 ಮೈಲಿಗಳೊಳಗೆ ಅರ್ಧ ಕಿಲೋವಾಟನ್ನೂ ಮೀರಕೂಡದು. ಅಪಾಯದ ಕರೆಗೆ ಮಾತ್ರ ವಿನಾಯಿತಿ. ಸಂಚರಿಸುವವನು ಸಂಯಮದಿಂದಿರಬೇಕು, ಆ ಸಂಯಮಕ್ಕೆ ದೂರವೇ ಅಳತೆಗೋಲು ಎಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿ ರೂಪುಗೊಂಡಿದೆ.

1976ರಲ್ಲಿ ಮಾರಿಸ್ಯಾಟ್ ಉಪಗ್ರಹಗಳು ಹಾರಿದುವು. 1979ರಲ್ಲಿ ಇನ್‌ಮಾರ್ಸ್ಯಾಟ್ ಸಂಸ್ಥೆ ಸ್ಥಾಪಿತವಾಯಿತು. ಹಡಗುಗಳ ಈ ಸಂಪರ್ಕಕ್ಕೆ 1,500ರಿಂದ 1,660 ಮೆಗಾಹರ್ಟ್ಸ್‌ಗಳ ನಡುವೆ ಪ್ರತ್ಯೇಕ ಪಟ್ಟಿಗಳು ಮೀಸಲಾಗಿದ್ದುದರಿಂದ ಹಳೆಯ ಪ್ರಶ್ನೆ ಕೆಲಕಾಲ ಮಲಗಿತ್ತು. ಆದರೆ ಆ ಪಟ್ಟಿಗಳು ಕಿರಿದು. ಪ್ರವಾಸಿ ಹಡಗುಗಳ ಅಗತ್ಯಗಳು ಬೆಳೆದಂತೆ, ಸ್ಥಿರ ಭೂನಿಲಯಗಳಿಗೆಂದು ಏರ್ಪಟ್ಟಿದ್ದ 5,925ರಿಂದ 6,425 ಮೆಗಾಹರ್ಟ್ಸ್‌ಗಳ ಪಟ್ಟಿಯ ಕಡೆಗೆ ನೌಕೋದ್ಯಮದ ದೃಷ್ಟಿ ತಿರುಗಿತು. ಗೋಪುರದಿಂದ ಗೋಪುರಕ್ಕೆ ದೂರವಾಣಿಯ ಮಾತುಗಳನ್ನು ಒಯ್ಯುವ ಮೈಕ್ರೋವೇವ್ ಸರಣಿಗಳು ಅದೇ ಪಟ್ಟಿಯಲ್ಲಿ ಮೊದಲೇ ನೆಲೆಯೂರಿದ್ದುವು.

ಹಡಗಿನ ಆಂಟೆನಾ ಆಕಾಶದತ್ತ ಮುಖಮಾಡಿದ್ದರೂ ಅದರ ಶಕ್ತಿಯ ಅಲ್ಪಾಂಶವು ಪಕ್ಕಗಳಿಗೆ ಸೋರುತ್ತದೆ; ಉಪಗ್ರಹವು ದಿಗಂತಕ್ಕೆ ಸಮೀಪವಾದಷ್ಟೂ ಬಾಧೆ ಹೆಚ್ಚು. ನೆಲದ ಮೇಲಿನ ಸ್ಥಿರ ನಿಲಯವಾದರೆ ನೆರೆಹೊರೆಯ ಗ್ರಾಹಕಗಳೊಡನೆ ಒಮ್ಮೆ ಹೊಂದಾಣಿಕೆ ಮಾಡಿಕೊಂಡರೆ ಸಾಕು. ಹಡಗಿನ ಸ್ಥಾನವಾದರೋ ಗಳಿಗೆ ಗಳಿಗೆಗೂ ಬದಲಾಗುತ್ತದೆ. ಬಾಧೆಯ ಮೂಲವನ್ನು ದಡದ ಎಂಜಿನಿಯರು ಹುಡುಕಿ ಕಂಡುಕೊಳ್ಳುವ ಮೊದಲೇ ಅದು ದಾಟಿಹೋಗಿರಬಹುದು.

2003ರಲ್ಲಿ ಜಿನೀವಾದಲ್ಲಿ ನೆರೆದ ವಿಶ್ವ ರೇಡಿಯೋ ಸಂವಹನ ಸಮ್ಮೇಳನವು 902ನೆಯ ನಿರ್ಣಯದಿಂದ ಇದಕ್ಕೆ ಉತ್ತರಕೊಟ್ಟಿತು. ಮೇಲ್ಕಂಡ ಪಟ್ಟಿಯಲ್ಲಿ ದಡದಿಂದ 300 ಕಿಲೋಮೀಟರುಗಳೊಳಗೆ, 14,000ದಿಂದ 14,500 ಮೆಗಾಹರ್ಟ್ಸ್ ಪಟ್ಟಿಯಲ್ಲಿ 125 ಕಿಲೋಮೀಟರುಗಳೊಳಗೆ, ಸಂಬಂಧಪಟ್ಟ ರಾಷ್ಟ್ರಗಳ ಪೂರ್ವಸಮ್ಮತಿಯಿಲ್ಲದೆ ಹಡಗು ಪ್ರಸಾರ ಮಾಡಕೂಡದೆಂದು ಗೊತ್ತುಮಾಡಲಾಯಿತು.

ಎರಡು ಕಟ್ಟಳೆಗಳನ್ನೂ ಜೊತೆಗಿಟ್ಟು ನೋಡಿದರೆ ಸಾದೃಶ್ಯದಷ್ಟೇ ಭೇದವೂ ಗಮನಾರ್ಹವಾಗಿದೆ. 1912ರಲ್ಲಿ ರಕ್ಷಣೆ ದೊರೆತುದು ಸೈನಿಕ ನಿಲಯಗಳಿಗೆ. 2003ರಲ್ಲಿ ಸಾಮಾನ್ಯ ಜನರ ಮಾತನ್ನು ಒಯ್ಯುವ ಗೋಪುರಗಳಿಗೂ. ಅಂದು ಶಕ್ತಿಯನ್ನು ತಗ್ಗಿಸಿದರೆ ಸಾಕಾಗಿತ್ತು. ಇಲ್ಲಿ ಸಮ್ಮತಿಯಿಲ್ಲದಿದ್ದರೆ ಮೌನವೇ ಗತಿ. 1982ರ ಸಮುದ್ರ ಕಾನೂನಿನ ಒಪ್ಪಂದದಂತೆ ರಾಷ್ಟ್ರವೊಂದರ ಜಲಪ್ರದೇಶಕ್ಕಿರುವ ಮಿತಿ 12 ನಾಟಿಕಲ್ ಮೈಲಿ, ಎಂದರೆ ಸುಮಾರು 22 ಕಿಲೋಮೀಟರು. ಅದರ ಗ್ರಾಹಕ ಯಂತ್ರಗಳ ಹಕ್ಕು ಇದರ ಹದಿಮೂರು ಪಟ್ಟಿಗೂ ಮಿಗಿಲಾಗಿ ಕಡಲಿನೊಳಗೆ ಚಾಚಿತು. ಇದರ ಬೆಲೆಯನ್ನು ತೆರಬೇಕಾದುದು ದಡದ ಬಳಿಯಲ್ಲಿಯೇ ಹೆಚ್ಚಾಗಿ ಸಂಚರಿಸುವ ಹಡಗುಗಳು. ಮೊದಲು ನೆಲೆಸಿದವನ ಹಕ್ಕಿಗೂ ಸಂಚಾರಿಯ ಅಗತ್ಯಕ್ಕೂ ನಡುವೆ ತೀರ್ಪು ಕೊಡುವಾಗ ರೇಡಿಯೋ ಕಾನೂನು ಎರಡು ಸಲವೂ ನೆಲೆಸಿದವನ ಪಕ್ಷವನ್ನೇ ವಹಿಸಿತೆಂದು ನಾವು ಹೇಳಬಹುದಾಗಿದೆ.