ಮದ್ದಿನ ಕಾರ್ಖಾನೆಯಿಂದ ಬಂದ ಬೊಜ್ಜಿನ ಮದ್ದು

ಮೊದಲ ಮಹಾಯುದ್ಧದ ಕಾಲ. ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಡೈನೈಟ್ರೋಫೀನಾಲ್ ಎಂಬ ಹಳದಿ ರಾಸಾಯನಿಕವನ್ನು ಬಳಸುತ್ತಿದ್ದರು. ಅದು ಮೈಸೇರಿದ ಕೆಲಸಗಾರರು ವಿಪರೀತ ಬೆವರಿದರು, ಸೊರಗಿದರು. ಕೆಲವರು ಮೈಶಾಖವೇರಿ ಸತ್ತರು. ಆದರೂ 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಟಿಂಗ್, ಟೇಂಟರ್ ಮತ್ತು ಸಂಗಡಿಗರು ಇದರಿಂದ ತೂಕ ಇಳಿಯುತ್ತದೆಂದು ವರದಿ ಮಾಡಿದ್ದೇ ತಡ, ವೈದ್ಯರ ಚೀಟಿಯಿಲ್ಲದೆಯೇ ಗುಳಿಗೆಗಳು ಮಾರಾಟವಾದವು.

ಇದರ ಕೆಲಸ ಹೇಗೆಂದು ನೋಡಿ. ನಿಮ್ಮ ಜೀವಕೋಶದ ಮೈಟೋಕಾಂಡ್ರಿಯ ಆಹಾರವನ್ನು ಉರಿಸಿ, ತನ್ನ ಒಳಪೊರೆಯಾಚೆ ಪ್ರೋಟಾನುಗಳನ್ನು ಕೂಡಿಹಾಕುತ್ತದೆ. ಅಣೆಕಟ್ಟಿನ ನೀರು ಟರ್ಬೈನು ತಿರುಗಿಸುವಂತೆ, ಅವು ಹಿಂದಿರುಗುವಾಗ ಎಟಿಪಿ ತಯಾರಾಗುತ್ತದೆ. ನೀವು ನಡೆದಾಗ, ದುಡಿದಾಗ ಎಟಿಪಿ ಖರ್ಚಾಗುತ್ತದೆ. ಖರ್ಚಿಗೆ ತಕ್ಕಷ್ಟು ಕೊಬ್ಬು ಉರಿಯುತ್ತದೆ. ಡೈನೈಟ್ರೋಫೀನಾಲ್ ಈ ಕಟ್ಟೆಯನ್ನೇ ತೂತು ಮಾಡುತ್ತದೆ. ಆಗ ಉರಿಗೆ ಲಗಾಮಿಲ್ಲ, ಬರುವುದು ಬರೀ ಶಾಖ. ಅದನ್ನು ಜ್ವರದ ಮಾತ್ರೆ ಇಳಿಸಲಾರದು, ಪ್ರತಿವಿಷವೂ ಇಲ್ಲ.

1935ರ ಹೊತ್ತಿಗೆ ಗುಳಿಗೆ ನುಂಗಿದ ಯುವತಿಯರಿಗೆ ಕಣ್ಣಿನ ಪೊರೆ ಬಂದ ವರದಿಗಳು ಹೊರಬಿದ್ದವು. ಆದರೆ ಅಮೆರಿಕದ 1906ರ ಕಾನೂನಿನ ಪ್ರಕಾರ ಔಷಧವೆಂದರೆ ರೋಗಕ್ಕೆ ಕೊಡುವಂಥದ್ದು. ಬೊಜ್ಜು ರೋಗದ ಲೆಕ್ಕದಲ್ಲೇ ಇರಲಿಲ್ಲ! ಅಧಿಕಾರಿಗಳ ಕೈ ಕಟ್ಟಿಹಾಕಿದಂತಾಗಿತ್ತು. 1938ರ ಹೊಸ ಕಾನೂನು ಬಂದ ಮೇಲಷ್ಟೇ ಮಾರಾಟ ನಿಂತಿತು.

ಕಳ್ಳಮಾರಾಟ ಮಾತ್ರ ಇಂಟರ್ನೆಟ್ ಕಾಲದಲ್ಲಿ ಮತ್ತೆ ತಲೆಯೆತ್ತಿತು, ಸಾವುಗಳೂ ಆದವು. 2023ರಲ್ಲಿ ಬ್ರಿಟನ್ ಇದನ್ನು ವಿಷಗಳ ಪಟ್ಟಿಗೆ ಸೇರಿಸಿತು.