ಬೀಸಣಿಗೆಯಂತೆ ಹರಡಿದ ಮೆಟ್ಟಿಲುಗಳು

ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ಹಲಸಿನ ಮರದ ವೀಣೆಗಳಿಗೆ ಹೆಸರಾದ ಹಳ್ಳಿ. ವೀಣೆಯ ಮೇಲೆ ಮೇಣದಲ್ಲಿ ಕೂರಿಸುವ 24 ಮೆಟ್ಟಿಲುಗಳು ಒಂದಕ್ಕೊಂದು ಸಮಾನಾಂತರವಾಗಿರುತ್ತವೆ. ಗಿಟಾರಿನಲ್ಲಿ ಇವನ್ನೇ ಫ್ರೆಟ್ ಎನ್ನುತ್ತಾರೆ. ಆದರೆ ಈಚೆಗೆ ಅಂಗಡಿಗಳಿಗೆ ಬಂದಿರುವ ಕೆಲವು ಬೇಸ್ ಗಿಟಾರುಗಳಲ್ಲಿ ಫ್ರೆಟ್‌ಗಳು ಬೀಸಣಿಗೆಯ ಕಡ್ಡಿಗಳಂತೆ ಓರೆಯಾಗಿ ಹರಡಿವೆ. ಮೊದಲ ಸಲ ನೋಡಿದವರಿಗೆ ಜೋಡಿಸುವಾಗ ತಪ್ಪಾಗಿದೆ ಎನಿಸುತ್ತದೆ. ಅದರ ಹಿಂದೆ ಒಂದು ಲೆಕ್ಕವಿದೆ.

ಸಂಗೀತದ ಬಗ್ಗೆ ನಮ್ಮಲ್ಲಿ ಭಿನ್ನ ಅಭಿಪ್ರಾಯಗಳಿವೆ. ಈ ಲೇಖನ ಆ ಚರ್ಚೆಗೆ ಹೋಗುವುದಿಲ್ಲ. ತಂತಿಯ ಗಣಿತವನ್ನಂತೂ ನಮ್ಮ ವಿದ್ವಾಂಸರು ಆಳವಾಗಿ ಅಭ್ಯಸಿಸಿದ್ದರು. ಕ್ರಿ.ಶ. 950ರಲ್ಲಿ ನಿಧನರಾದ ಅಲ್-ಫಾರಾಬಿ ‘ಕಿತಾಬ್ ಅಲ್-ಮೂಸೀಕಿ ಅಲ್-ಕಬೀರ್’ ಗ್ರಂಥದಲ್ಲಿ ಊದ್ ವಾದ್ಯದ ಮೆಟ್ಟಿಲುಗಳನ್ನು ಭಿನ್ನರಾಶಿಗಳಲ್ಲಿ ವಿವರಿಸಿದ್ದಾರೆ. ತೋರುಬೆರಳಿನ ಮೆಟ್ಟಿಲು ತಂತಿಯ 1/9 ಭಾಗದಲ್ಲಿ, ಕಿರುಬೆರಳಿನದು 1/4 ಭಾಗದಲ್ಲಿ.

ತಗ್ಗಿನ ಸ್ವರ ಹೊರಡಲು ತಂತಿ ದಪ್ಪವಾಗಿರಬೇಕು, ಸಡಿಲವಾಗಿರಬೇಕು ಇಲ್ಲವೇ ಉದ್ದವಾಗಿರಬೇಕು. ತೀರ ಸಡಿಲವಾದರೆ ಅದುರಿ ಮೆಟ್ಟಿಲಿಗೆ ಬಡಿಯುತ್ತದೆ. ತೀರ ದಪ್ಪವಾದರೆ ಬಿರುಸಾಗಿ ನಾದ ಮಂಕಾಗುತ್ತದೆ. ಧಾರವಾಡದ ಸಿತಾರ್‌ರತ್ನ ರಹಿಮತ್ ಖಾನ್ (ನಿಧನ 1954) ಅವರು ಸಿತಾರಿಗೆ ಖರಜದ ತಂತಿಗಳನ್ನು ಅಳವಡಿಸಿ ಮಂದ್ರ ಸ್ಥಾಯಿಯನ್ನು ವಿಸ್ತರಿಸಿದರೆಂದು ಸಂಗೀತಗಾರರು ಇಂದಿಗೂ ಸ್ಮರಿಸುತ್ತಾರೆ. ಅವರು ಹಿಡಿದದ್ದು ದಪ್ಪ ತಂತಿಯ ದಾರಿ.

ಇನ್ನೊಂದು ದಾರಿ ಉದ್ದದ್ದು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಬೇಸ್ ಗಿಟಾರಿನ ನಾಲ್ಕೂ ತಂತಿಗಳ ಉದ್ದ 34 ಅಂಗುಲ. ಮುಂದೆ ಇನ್ನೂ ತಗ್ಗಿನ, ಸೆಕೆಂಡಿಗೆ ಸುಮಾರು 31 ಸಲ ಕಂಪಿಸುವ ಐದನೇ ತಂತಿ ಸೇರಿದಾಗ ಆ ಉದ್ದ ಸಾಲದಾಯಿತು. 1989ರಲ್ಲಿ ಅಮೆರಿಕದ ಗಿಟಾರ್ ತಯಾರಕ ರಾಲ್ಫ್ ನೊವಾಕ್ ಪ್ರತಿ ತಂತಿಗೂ ಬೇರೆ ಉದ್ದ ಕೊಡುವ ಓರೆ ಫ್ರೆಟ್ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಈ ಕಲ್ಪನೆ ಪೂರ್ತಿ ಹೊಸದೇನಲ್ಲ. 16ನೇ ಶತಮಾನದ ಕೊನೆಯ ಇಂಗ್ಲೆಂಡಿನ ಆರ್ಫೇರಿಯನ್ ವಾದ್ಯದಲ್ಲೂ ಓರೆ ಮೆಟ್ಟಿಲುಗಳಿದ್ದವು. ಕೆನಡಾದ ಶೆಲ್ಡನ್ ಡಿಂಗ್‌ವಾಲ್ 1990ರ ದಶಕದಲ್ಲಿ ನೊವಾಕರ ಅನುಮತಿ ಪಡೆದು ಇದನ್ನು ಬೇಸ್ ಗಿಟಾರಿಗೆ ತಂದರು. ಅವರ ಐದು ತಂತಿಯ ವಾದ್ಯದಲ್ಲಿ ದಪ್ಪ ತಂತಿ 37 ಅಂಗುಲ, ಸಣ್ಣದು 34 ಅಂಗುಲ.

2000ರ ದಶಕದಲ್ಲಿ ಪೇಟೆಂಟ್ ಅವಧಿ ಮುಗಿಯಿತು. ಮುಂದಿನ ದಶಕದಲ್ಲಿ ಜಪಾನಿನ ಐಬಾನೆಜ್‌ನಂಥ ದೊಡ್ಡ ಕಂಪನಿಗಳೂ ಇಂಥ ಬೇಸ್‌ಗಳನ್ನು ಹೊರತಂದವು. ಡಿಂಗ್‌ವಾಲ್ ಕಂಪನಿಯೇ ಚೀನಾದಲ್ಲಿ ಕಡಿಮೆ ಬೆಲೆಯ ಮಾದರಿಗಳನ್ನು ಮಾಡಿಸಿತು. ಕೆಲವೇ ಕುಶಲಕರ್ಮಿಗಳ ಕೈಯಲ್ಲಿದ್ದ ವಿದ್ಯೆ ಹೀಗೆ ಎಲ್ಲರ ಸೊತ್ತಾಯಿತು.

ಪ್ರಿಯ ವಿದ್ಯಾರ್ಥಿಗಳೇ, ಈ ಚರಿತ್ರೆಯಲ್ಲಿ ನಮಗೊಂದು ಪಾಠವಿದೆ. ನಮ್ಮ ಹುಡುಗರಲ್ಲಿ ಅನೇಕರು ಓದು ಅರ್ಧಕ್ಕೆ ಬಿಟ್ಟು ಮಗ್ಗ, ಮರಗೆಲಸ, ಗ್ಯಾರೇಜುಗಳಿಗೆ ಸೇರುತ್ತಾರೆ. ಅವರ ಕೈಯಲ್ಲಿ ಕಸುಬಿಗೆ ಕೊರತೆಯಿಲ್ಲ. ಆದರೆ ಉಳಿ ಹಿಡಿದ ಕೈಗೆ ಭಿನ್ನರಾಶಿಯೂ ತಿಳಿದಾಗ ಮಾತ್ರ, ಇದ್ದ ಅಳತೆಯನ್ನೇ ಅನುಸರಿಸುವವನು ಹೊಸ ಅಳತೆ ಹಾಕಬಲ್ಲ. ಅಲ್-ಫಾರಾಬಿಯ ವಾರಸುದಾರರು ಎಂದು ಹೇಳಿಕೊಳ್ಳುವ ನಾವು ನಮ್ಮ ಮಕ್ಕಳನ್ನು ಎಸ್.ಎಸ್.ಎಲ್.ಸಿ.ಗೆ ಮುಂಚೆ ಶಾಲೆ ಬಿಡಿಸದಿದ್ದರೆ, ಅದೇ ಆ ಪರಂಪರೆಗೆ ಸಲ್ಲಿಸುವ ನಿಜವಾದ ಗೌರವ.