ಹೆಂಜೇರು ಸೀಮೆಯ ವೀರಗಲ್ಲುಗಳು

ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗಗಳ ಸೀಮೆಯ ಬಹುಭಾಗವು ಒಂದು ಕಾಲಕ್ಕೆ ನೊಳಂಬವಾಡಿಗೆ ಸೇರಿತ್ತು. ಮಡಕಶಿರದ ಬಳಿಯ ಇಂದಿನ ಹೇಮಾವತಿಯೇ ನೊಳಂಬರ ರಾಜಧಾನಿ, ಶಾಸನಗಳ ಹೆಂಜೇರು. ಅವರ ವಂಶಾವಳಿಯನ್ನು ಹೇಳುವ ಅಲ್ಲಿಯ ಕಂಬಶಾಸನದ ಭಾಷೆ ಕನ್ನಡ.

ಅರಸರ ಮಾತನ್ನು ಕಂಬಗಳು ಹೇಳಿದರೆ, ಊರವರ ಮಾತನ್ನು ಹೇಳುವುವು ವೀರಗಲ್ಲುಗಳು. ಇವುಗಳಲ್ಲಿ ಸಾಮಾನ್ಯವಾಗಿ ಮೂರು ಅಂಕಣಗಳು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ದೃಶ್ಯ, ಮೇಲೆ ಶಿವಸಾನ್ನಿಧ್ಯ. ತುರುಗಳನ್ನು ಮರಳಿಸುವಾಗ, ಹೆಣ್ಣಿನ ಮಾನವನ್ನು ಕಾಯುವಾಗ, ಊರಳಿವನ್ನು ತಡೆಯುವಾಗ ಮಡಿದವರಿಗೆ ನಿಲ್ಲಿಸಿದ ಕಲ್ಲುಗಳಿವು. ವೀರನ ಮನೆಯವರಿಗೆ ಕೊಟ್ಟ ನೆಲವನ್ನು ಶಾಸನಗಳು ನೆತ್ತರುಕೊಡಗೆ, ಬಾಳ್ಗಚ್ಚು, ಕಲ್ನಾಡು ಎಂದು ಕರೆಯುತ್ತವೆ. ಆದಕಾರಣ ವೀರಗಲ್ಲು ಸ್ಮಾರಕ ಮಾತ್ರವಲ್ಲ, ಹಕ್ಕುಪತ್ರವೂ ಹೌದು. ನೊಳಂಬ ಅಯ್ಯಪದೇವನ ಪರವಾಗಿ ತುಂಬೆಪಾಡಿಯಲ್ಲಿ ಕಾದಿ ಮಡಿದ ನಾಗತ್ತರನ ಬೇಗೂರು ಶಾಸನದಲ್ಲಿ, ಗಂಗ ಎರೆಯಪ್ಪನು ಇರುಗನಿಗೆ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ಸಂಗತಿಯಿದೆ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಐರ್ಲೆಂಡಿನ ಮೊನಾಸ್ಟರ್‌ಬಾಯ್ಸ್ ಚರ್ಚಿನ ಅಂಗಳದಲ್ಲಿ ಮುಯಿರೆಡಾಕ್‌ನ ಶಿಲುಬೆ ನಿಂತಿತು. ಅಲ್ಲಿಯೂ ಅಂಕಣ ಅಂಕಣವಾಗಿ ಕೆತ್ತನೆ. ಕೆಳಗೆ, ಮಾಡಿಸಿದವನಿಗಾಗಿ ಪ್ರಾರ್ಥಿಸಿರೆಂಬ ಬೇಡಿಕೆ, ಲ್ಯಾಟಿನಿನಲ್ಲಲ್ಲ, ನಾಡಿನ ಐರಿಶ್ ನುಡಿಯಲ್ಲಿ. ಪರಸ್ಪರ ಅರಿಯದ ಎರಡು ಸಮಾಜಗಳೂ ನೆನಪನ್ನು ನೆರೆಯವನು ಓದಬಲ್ಲ ಮಾತಿಗೆ ಒಪ್ಪಿಸಿದುವು.

ಆ ಓದುಗನೇ ಇಲ್ಲಿ ವಿರಳನಾಗುತ್ತಿದ್ದಾನೆ. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ಅನಂತಪುರ ಜಿಲ್ಲೆಯು 1953ರಲ್ಲಿ ಆಂಧ್ರ ರಾಜ್ಯಕ್ಕೆ ಸೇರಿತು. 2022ರಲ್ಲಿ ಹಿಂದೂಪುರ, ಮಡಕಶಿರಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದುವು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಗಡಿಗಳು ಸರಿದರೂ ಕಲ್ಲುಗಳು ಸರಿಯಲಿಲ್ಲ. ಹೇಮಾವತಿಯ ಹಲವು ಶಿಲ್ಪಗಳು ಚೆನ್ನೈ ವಸ್ತುಸಂಗ್ರಹಾಲಯ ಸೇರಿದುವು. ಈ ಸೀಮೆಯ ಅನೇಕ ಶಾಸನಗಳ ಪಾಠಗಳು 1939ರಲ್ಲಿ ದಕ್ಷಿಣ ಭಾರತೀಯ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾದುವು. ಊರ ಹೊರಗೆ ನಿಂತ ವೀರಗಲ್ಲಿಗೆ ಅರಿಸಿನ ಕುಂಕುಮದ ಪೂಜೆಯೇ ಕಾವಲಾಗಬಹುದು. ಆದರೆ ಪೂಜೆಯಿಂದ ಕಲ್ಲು ಉಳಿದೀತೇ ಹೊರತು ಹೆಸರು ಉಳಿಯದು. ಹೆಸರು ಉಳಿಯಬೇಕಾದರೆ ಹಳಗನ್ನಡದ ಅಕ್ಷರವನ್ನು ಬಲ್ಲ ಒಬ್ಬನಾದರೂ ಊರಲ್ಲಿರಬೇಕು. ಮನೆಯಲ್ಲಿ ಅವನಾಡುವ ಮಾತು ತೆಲುಗಾದರೂ ಚಿಂತೆಯಿಲ್ಲ. ತುರುಗಳನ್ನು ಕಾದು ಸತ್ತವನು ಇಡೀ ಊರಿಗಾಗಿ ಸತ್ತವನು.